ಕೈಯಿಂದ ಕಟ್ಟಿದ ಅಕೌಸ್ಟಿಕ್ ಗಿಟಾರ್: ವಾದಕರ ಅಭಿಪ್ರಾಯವನ್ನು ತೂಗುವ ಬಗೆ, ನುಡಿಸಿ ನೋಡುವ ಬಗೆ

ಒಂದೇ ಗಿಟಾರನ್ನು ಒಂದೇ ದಿನ ನುಡಿಸಿದ ಇಬ್ಬರು ಪಳಗಿದ ವಾದಕರಲ್ಲಿ ಒಬ್ಬರು ಅದರ ನಾದ ತುಂಬಿಕೊಂಡಿದೆ ಎಂದೂ ಇನ್ನೊಬ್ಬರು ಅದು ಮಂಕಾಗಿದೆ ಎಂದೂ ಹೇಳುವುದುಂಟು. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿರುವುದಿಲ್ಲ. ಒಬ್ಬರು ಉಗುರಿನಿಂದ ಮೀಟುತ್ತಾರೆ, ಇನ್ನೊಬ್ಬರು ಬೆರಳ ತುದಿಯ ಮಾಂಸದಿಂದ ಮೀಟುತ್ತಾರೆ. ಒಬ್ಬರ ಮನೆಯಲ್ಲಿರುವುದು ದೊಡ್ಡ ಒಡಲಿನ ವಾದ್ಯ, ಇನ್ನೊಬ್ಬರದು ಚಿಕ್ಕದು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಮಾದರಿಯಾದರೆ ಇಂಥ ಹತ್ತಾರು ಮಾತುಗಳನ್ನು ಕೂಡಿಸಿ ಒಂದು ಅಂದಾಜಿಗೆ ಬರಬಹುದು. ಆದರೆ ಒಬ್ಬನೇ ಕುಶಲಕರ್ಮಿ ವರ್ಷಕ್ಕೆ ಕೆಲವೇ ಗಿಟಾರ್‌ಗಳನ್ನು ಕಟ್ಟುವಾಗ, ಅವುಗಳಲ್ಲಿ ಪ್ರತಿಯೊಂದೂ ಬೇರೆ ಹಲಗೆಯ, ಬೇರೆ ದಪ್ಪದ, ಬೇರೆ ಗಿರಾಕಿಯ ಕೈಗೆಂದು ರೂಪಿಸಿದ ವಾದ್ಯವಾಗಿರುವಾಗ, ಆ ಲೆಕ್ಕ ನಡೆಯುವುದಿಲ್ಲ. ನೀವು ಓದುವ ಅಭಿಪ್ರಾಯ ನೀವು ಕೊಳ್ಳಲಿರುವ ಗಿಟಾರಿನ ಒಡಹುಟ್ಟಿನ ಕುರಿತದ್ದಾಗಿರುತ್ತದೆ.

ಹಾಗೆಂದು ಆ ಅಭಿಪ್ರಾಯಗಳನ್ನು ಬದಿಗಿಡಬೇಕಾಗಿಲ್ಲ. ಅವುಗಳಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು, ಆ ಬಳಿಕ ವಾದ್ಯ ಕೈಗೆ ಬಂದಾಗ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಈ ವಿಷಯದಲ್ಲಿ ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ: ಕೈಗೆ ಅನಿಸಿದ್ದನ್ನು ಕಿವಿ ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಒತ್ತಲು ಹಗುರವಾದ ತಂತಿಗಳಿರುವ ಗಿಟಾರಿನ ನಾದವೂ ಮಧುರವೆನಿಸುತ್ತದೆ. ಬೆರಳು ನೋಯಿಸುವ ಗಿಟಾರಿನ ನಾದ ಕೇಳುವ ತಾಳ್ಮೆಯೇ ಉಳಿಯುವುದಿಲ್ಲ. ಆದ್ದರಿಂದ ಕೆಳಗಿನ ಕ್ರಮದ ಉದ್ದಕ್ಕೂ ಸ್ಪರ್ಶವನ್ನೂ ನಾದವನ್ನೂ ಬೇರೆ ಬೇರೆಯಾಗಿ ತೂಗುವ ಪ್ರಯತ್ನವಿದೆ.

ವಾದಕರ ವಿಶೇಷಣಗಳನ್ನು ಬಿಡಿಸಿಕೊಳ್ಳುವುದು

ಮೊದಲ ಕೆಲಸ ಮಾತಿನದು. ವಾದಕರು ಬಳಸುವ ವಿಶೇಷಣಗಳು ಕಾವ್ಯದಂತೆ ಕಂಡರೂ ಅವುಗಳ ಹಿಂದೆ ಕೇಳಿ ಗುರುತಿಸಬಹುದಾದ ಸಂಗತಿಗಳಿರುತ್ತವೆ. ‘ಬೆಚ್ಚಗಿನ ನಾದ’ ಎಂದವರು ಸಾಮಾನ್ಯವಾಗಿ ಮಂದ್ರ ಮತ್ತು ಮಧ್ಯದ ಸ್ವರಗಳು ಮುಂದಾಗಿ, ಮೇಲಿನ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು) ಹಿಂದೆ ಸರಿದ ನಾದವನ್ನು ಹೇಳುತ್ತಿರುತ್ತಾರೆ. ಅದೇ ಗುಣ ಮಿತಿಮೀರಿದಾಗ ಅದಕ್ಕೆ ‘ಮಂಕು’ ಅಥವಾ ‘ಕೆಸರು’ ಎಂಬ ಹೆಸರು ಬರುತ್ತದೆ. ‘ಉಜ್ವಲ’ ಎಂಬುದು ಮೇಲಿನ ಅನುಸ್ವರಗಳ ಸಮೃದ್ಧಿ. ಅದರ ಅತಿರೇಕ ‘ಕರ್ಕಶ’ ಅಥವಾ ‘ತಗಡು’. ‘ಒಣ ನಾದ’ ಎಂದರೆ ಸ್ವರ ಹುಟ್ಟಿದ ಕೂಡಲೇ ಸ್ಪಷ್ಟವಾಗಿ ಕೇಳಿಸಿ, ಬಾಲವಿಲ್ಲದೆ ಮುಗಿಯುತ್ತದೆ ಎಂದರ್ಥ. ಮಹಾಗನಿ ಬೆನ್ನಿನ ಗಿಟಾರ್‌ಗಳ ಬಗ್ಗೆ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಎದುರಾಗಿ ‘ಗಂಟೆಯಂಥ ನಾದ’ ಎಂಬುದರಲ್ಲಿ ದೀರ್ಘವಾದ ಅನುರಣನವಿರುತ್ತದೆ.

ಇವುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಮೂರು ಮಾತುಗಳನ್ನು ಹುಡುಕಿ ಓದಿ. ಒಂದನೆಯದು ಸ್ವರಗಳ ಬೇರ್ಪಡೆ: ಆರು ತಂತಿಗಳ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛವನ್ನು) ಒಮ್ಮೆಗೇ ಮೀಟಿದಾಗ ಒಳಗಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆಯೋ, ಒಂದೇ ಮುದ್ದೆಯಾಗುತ್ತವೆಯೋ ಎಂಬುದು. ಎರಡನೆಯದು ಸ್ಪಂದನ: ಎಷ್ಟು ಕಡಿಮೆ ಶ್ರಮಕ್ಕೆ ವಾದ್ಯ ಎಚ್ಚರಗೊಳ್ಳುತ್ತದೆ. ಮೂರನೆಯದು ಮೇಲ್ಮಿತಿ, ಎಂದರೆ ವಾದಕರು ‘ಹೆಡ್‌ರೂಮ್’ ಎಂದು ಕರೆಯುವ ಗುಣ: ಬಲವಾಗಿ ಮೀಟುತ್ತ ಹೋದಂತೆ ಯಾವ ಹಂತದವರೆಗೆ ನಾದ ಬೆಳೆಯುತ್ತದೆ, ಎಲ್ಲಿ ಅದು ಬೆಳೆಯುವುದನ್ನು ನಿಲ್ಲಿಸಿ ಒಡೆಯಲು ತೊಡಗುತ್ತದೆ. ಕೊನೆಯ ಎರಡು ಗುಣಗಳು ಹೆಚ್ಚಾಗಿ ಒಂದಕ್ಕೊಂದು ಎದುರು ನಿಲ್ಲುತ್ತವೆ. ತೆಳುವಾಗಿ, ಹಗುರವಾಗಿ ಕಟ್ಟಿದ ಗಿಟಾರ್ ಮೃದುವಾದ ಬೆರಳಿಗೆ ಕೂಡಲೇ ಓಗೊಡುತ್ತದೆ, ಆದರೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಬಡಿದರೆ ಬೇಗ ಸೋಲುತ್ತದೆ. ಇಂಥ ಬೇರೆ ಇಬ್ಬರು ವಾದಕರ ಜಗಳವನ್ನು ಕೆದಕಿ ಕೇಳಿದರೆ, ಒಬ್ಬರು ಬೆರಳಿನ ವಾದಕರು, ಇನ್ನೊಬ್ಬರು ಪಿಕ್‌ನವರು ಎಂಬಷ್ಟೇ ಸಂಗತಿ ಹೊರಬೀಳುವುದು ಅಪರೂಪವಲ್ಲ.

ಹೀಗಾಗಿ ಅಭಿಪ್ರಾಯವನ್ನು ಓದುವಾಗ ವಿಶೇಷಣಕ್ಕಿಂತ ಮೊದಲು ಹೇಳಿದವರು ಹೇಗೆ ನುಡಿಸುತ್ತಾರೆ, ಯಾವ ತಂತಿ ಹಾಕಿದ್ದಾರೆ, ಯಾವ ವಾದ್ಯದೊಂದಿಗೆ ಹೋಲಿಸುತ್ತಿದ್ದಾರೆ, ವಾದ್ಯ ಅವರ ಬಳಿ ಎಷ್ಟು ಕಾಲ ಇತ್ತು ಎಂಬುದನ್ನು ನೋಡಬೇಕು. ಕೊಂಡು ಒಂದು ವಾರವಷ್ಟೇ ಆದವರ ಹೊಗಳಿಕೆಯನ್ನು ನಾನು ಅರ್ಧಕ್ಕೆ ಇಳಿಸಿ ಓದುತ್ತೇನೆ. ಎರಡು ವರ್ಷ ಕಾದು, ದೊಡ್ಡ ಮೊತ್ತ ಕೊಟ್ಟು, ತಯಾರಕರೊಂದಿಗೆ ಪತ್ರವ್ಯವಹಾರ ನಡೆಸಿ ಪಡೆದ ವಾದ್ಯವನ್ನು ಮೊದಲ ವಾರದಲ್ಲಿ ತೆಗಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅದೇ ವ್ಯಕ್ತಿ ಮೂರು ವರ್ಷದ ಮೇಲೂ ಅದನ್ನೇ ನುಡಿಸುತ್ತಿದ್ದರೆ, ಅದರಲ್ಲೂ ಒಂದೆರಡು ಕೊರತೆಗಳನ್ನು ತಾನೇ ಹೇಳಿದರೆ, ಆ ಮಾತಿಗೆ ತೂಕ ಹೆಚ್ಚು.

ಮರದ ಹೆಸರು ಕಿವಿಯನ್ನು ಹೇಗೆ ಬಾಗಿಸುತ್ತದೆ

ಕೈಯಿಂದ ಕಟ್ಟಿದ ಗಿಟಾರ್‌ಗಳ ಚರ್ಚೆಯಲ್ಲಿ ಮರದ ಹೆಸರು ಎಲ್ಲಕ್ಕಿಂತ ಮುಂದೆ ಬರುತ್ತದೆ. ಅದರಲ್ಲೂ ಬೆನ್ನು ಮತ್ತು ಪಕ್ಕದ ಹಲಗೆಗಳಿಗೆ ಬಳಸುವ ಬ್ರೆಜಿಲ್‌ನ ರೋಸ್‌ವುಡ್‌ಗೆ ಒಂದು ಬಗೆಯ ಪೂಜ್ಯತೆಯೇ ಇದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಮೊದಲ ಪಟ್ಟಿಗೆ ಆ ಮರ 1992ರಲ್ಲಿ ಸೇರಿದ ಮೇಲೆ ಅದು ಇನ್ನಷ್ಟು ದುರ್ಲಭವಾಯಿತು, ದುರ್ಲಭವಾದಷ್ಟೂ ಅದರ ನಾದದ ಬಗೆಗಿನ ಮಾತು ಬೆಳೆಯಿತು.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಗಿಟಾರ್ ತಯಾರಕ ರೋಜರ್ ಬಕ್‌ನಲ್ ಅವರೊಂದಿಗೆ ಸೇರಿ ಆರು ಗಿಟಾರ್‌ಗಳನ್ನು ಪರೀಕ್ಷೆಗೆ ಒಡ್ಡಿದರು. ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲಿ ಅವು ಸಾಧ್ಯವಾದಷ್ಟೂ ಒಂದೇ ರೀತಿ ಇದ್ದವು. ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್ ಎಂಬ ಆರು ಮರಗಳನ್ನು ಬಳಸಲಾಗಿತ್ತು. 52 ವಾದಕರು ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಧರಿಸಿ, ಯಾವುದು ಯಾವ ಮರದ್ದೆಂದು ತಿಳಿಯದೆ ನುಡಿಸಿ ಅಂಕ ಕೊಟ್ಟರು. ಆರಕ್ಕೂ ಬಂದ ಅಂಕಗಳು ಬಹುತೇಕ ಹತ್ತಿರ ಹತ್ತಿರವಿದ್ದವು. ದುರ್ಲಭ ಮರ ಸುಲಭವಾಗಿ ಸಿಗುವ ಮರಗಳನ್ನು ಹಿಂದೆ ಹಾಕಲಿಲ್ಲ.

ಇದರಿಂದ ಮರಕ್ಕೆ ಬೆಲೆಯೇ ಇಲ್ಲವೆಂಬ ತೀರ್ಮಾನಕ್ಕೆ ಹಾರಬಾರದು. ಆ ಪರೀಕ್ಷೆ ಬೆನ್ನು ಮತ್ತು ಪಕ್ಕದ ಮರದ ಕುರಿತದ್ದು, ಮೇಲುಹಲಗೆಯ (ನಾದರಂಧ್ರವಿರುವ ಮುಂದಿನ ಹಲಗೆಯ) ಕುರಿತದ್ದಲ್ಲ. ತಂತಿಯ ಕಂಪನವನ್ನು ಬ್ರಿಡ್ಜ್ (ತಂತಿಗಳನ್ನು ಮೇಲುಹಲಗೆಗೆ ಹಿಡಿದಿಡುವ ಪಟ್ಟಿ) ಮೂಲಕ ಪಡೆದು ಗಾಳಿಗೆ ದಾಟಿಸುವುದು ಮುಖ್ಯವಾಗಿ ಮೇಲುಹಲಗೆಯೇ. ಸ್ಪೇನಿನ ತಯಾರಕ ಆಂಟೋನಿಯೋ ದೆ ಟೊರೆಸ್ ಇದನ್ನು ತೋರಿಸಿಕೊಡಲೆಂದೇ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರೊಟ್ಟಿನಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸ್ ಮರದಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದ್ದರು. ಕೈಕೆಲಸದ ನಿಜವಾದ ಹೆಚ್ಚುಗಾರಿಕೆಯೂ ಇಲ್ಲಿಯೇ ಇದೆ. ಹಲಗೆಯ ಬಾಗುವಿಕೆಗೆ ಎದುರಾಗುವ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 3 ಮಿ.ಮೀ. ದಪ್ಪದ ಮೇಲುಹಲಗೆಯನ್ನು 2.7 ಮಿ.ಮೀ.ಗೆ ಹೆರೆದರೆ ಬಿಗಿತ ನೂರಕ್ಕೆ 27ರಷ್ಟು ಇಳಿಯುತ್ತದೆ. ಒಂದೇ ಮರದಿಂದ ಸೀಳಿದ ಎರಡು ಹಲಗೆಗಳ ಬಿಗಿತವೂ ಸಾಂದ್ರತೆಯೂ ಒಂದೇ ಇರುವುದಿಲ್ಲ. ಕಾರ್ಖಾನೆ ಎಲ್ಲ ಹಲಗೆಗಳನ್ನೂ ಗೊತ್ತಾದ ಒಂದು ದಪ್ಪಕ್ಕೆ ತರುತ್ತದೆ, ಅದೂ ಒಡೆಯದಿರಲಿ ಎಂದು ತುಸು ಹೆಚ್ಚಾಗಿಯೇ ಉಳಿಸುತ್ತದೆ. ಕುಶಲಕರ್ಮಿ ಹಲಗೆಯನ್ನು ಬಾಗಿಸಿ, ಬೆರಳಿನಿಂದ ತಟ್ಟಿ ಕೇಳಿ, ಆ ಹಲಗೆಗೆ ತಕ್ಕ ದಪ್ಪವನ್ನೂ ಅದಕ್ಕೆ ಒಳಗಿನಿಂದ ಆಧಾರ ಕೊಡುವ ಬ್ರೇಸ್ ಪಟ್ಟಿಗಳ ಎತ್ತರವನ್ನೂ ನಿರ್ಧರಿಸುತ್ತಾರೆ. ಆದ್ದರಿಂದ ಯಾರಾದರೂ ‘ಸೀಡರ್ ಮೇಲುಹಲಗೆ ಮೃದುವಾದ ಬೆರಳಿಗೆ ಬೇಗ ಸ್ಪಂದಿಸುತ್ತದೆ’ ಎಂದರೆ ಅದನ್ನು ಒಂದು ಒಲವಾಗಿ ಮಾತ್ರ ತೆಗೆದುಕೊಳ್ಳಿ. ಕಟ್ಟುವವರ ಕೈ ಆ ಒಲವನ್ನು ಹೆಚ್ಚಿಸಬಲ್ಲದು, ತಿದ್ದಬಲ್ಲದು, ಪೂರ್ತಿ ತಿರುಗಿಸಲೂ ಬಲ್ಲದು.

ನುಡಿಸುವ ಮುನ್ನ

ವಾದ್ಯವನ್ನು ಮಡಿಲಿಗೆ ತೆಗೆದುಕೊಳ್ಳುವ ಮೊದಲು ನಾಲ್ಕು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು. ತಂತಿಗಳು ಎಂದು ಹಾಕಿದವು, ಯಾವ ದಪ್ಪದವು, ವಾದ್ಯವನ್ನು ಎಷ್ಟು ತೇವದಲ್ಲಿ ಇಟ್ಟಿದ್ದರು, ಇತ್ತೀಚೆಗೆ ಯಾರಾದರೂ ಸೆಟಪ್ (ತಂತಿಗಳ ಎತ್ತರ ಮೊದಲಾದವುಗಳ ಹೊಂದಾಣಿಕೆ) ಮಾಡಿದ್ದಾರೆಯೇ ಎಂಬ ನಾಲ್ಕು. ಹಳೆಯ ತಂತಿ ಯಾವ ಗಿಟಾರನ್ನಾದರೂ ಮಂಕಾಗಿಸುತ್ತದೆ. ಆಗಷ್ಟೇ ಹಾಕಿದ ತಂತಿ ಸಾಧಾರಣ ಗಿಟಾರಿಗೂ ಮೊದಲ ಗಂಟೆಯಲ್ಲಿ ಹೊಳಪು ಕೊಡುತ್ತದೆ. ಎರಡು ವಾದ್ಯಗಳನ್ನು ಹೋಲಿಸುವುದಾದರೆ ಎರಡಕ್ಕೂ ಒಂದೇ ಬಗೆಯ, ಒಂದೇ ವಯಸ್ಸಿನ ತಂತಿಗಳಿರಬೇಕು. ಅದು ಸಾಧ್ಯವಾಗದಿದ್ದರೆ ನಾದದ ಹೊಳಪಿನ ಬಗ್ಗೆ ಯಾವ ತೀರ್ಮಾನವನ್ನೂ ಬರೆದುಕೊಳ್ಳಬೇಡಿ.

ಗಿಟಾರ್‌ಗೆ ಹಿತವಾದ ಸಾಪೇಕ್ಷ ಆರ್ದ್ರತೆ ನೂರಕ್ಕೆ 45ರಿಂದ 55. ಗಾಳಿ ತುಂಬಾ ಒಣಗಿದ್ದರೆ ಮೇಲುಹಲಗೆ ಕುಗ್ಗಿ ತಗ್ಗುತ್ತದೆ, ತಂತಿಗಳು ಫ್ರೆಟ್‌ಗೆ, ಎಂದರೆ ಎಡಗೈ ಹಿಡಿಯುವ ನೆಕ್‌ನ (ಕತ್ತಿನ) ಮೇಲಿನ ಲೋಹದ ಅಡ್ಡಪಟ್ಟಿಗೆ, ತೀರ ಹತ್ತಿರ ಬಂದು ಝಿರ್ ಎನ್ನುತ್ತವೆ, ಫ್ರೆಟ್‌ಗಳ ತುದಿಗಳು ನೆಕ್‌ನ ಅಂಚಿನಲ್ಲಿ ಕೈಗೆ ಚುಚ್ಚುತ್ತವೆ. ತೇವ ಹೆಚ್ಚಿದರೆ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ, ನಾದ ಜಡವಾಗುತ್ತದೆ. ಬೇಸಗೆಯ ಉರಿಯಲ್ಲಿ ಒಬ್ಬರು ಕೊಟ್ಟ ಅಭಿಪ್ರಾಯವೂ ಮಳೆಗಾಲದಲ್ಲಿ ಇನ್ನೊಬ್ಬರು ಕೊಟ್ಟ ಅಭಿಪ್ರಾಯವೂ ಹೊಂದದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಸೆಟಪ್‌ನ ಸ್ಥಿತಿಯನ್ನು ಅಳೆದೇ ನೋಡುವುದು ಒಳ್ಳೆಯದು. ಲೋಹದ ತಂತಿಯ ಗಿಟಾರಿನಲ್ಲಿ 12ನೆಯ ಫ್ರೆಟ್‌ನ ಮೇಲೆ ದಪ್ಪ ತಂತಿ ಸುಮಾರು 2.4 ಮಿ.ಮೀ., ತೆಳು ತಂತಿ ಸುಮಾರು 1.8 ಮಿ.ಮೀ. ಎತ್ತರದಲ್ಲಿದ್ದರೆ ಅದು ಹೆಚ್ಚಿನವರಿಗೆ ಒಗ್ಗುವ ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ). ಚಿಕ್ಕ ಉಕ್ಕಿನ ಅಳತೆಪಟ್ಟಿ ಸಾಕು. ಆಕ್ಷನ್ ಇದಕ್ಕಿಂತ ಹೆಚ್ಚಿದ್ದರೆ ಬ್ರಿಡ್ಜ್‌ನಲ್ಲಿ ತಂತಿಗಳು ಒರಗುವ ಸ್ಯಾಡಲ್ ತುಂಡನ್ನು ಉಜ್ಜಿ ಇಳಿಸಬಹುದು, ಆದರೆ ಬ್ರಿಡ್ಜ್‌ನ ಮೇಲೆ ಸ್ಯಾಡಲ್ ಕಾಣುವಷ್ಟು ಉಳಿದಿದೆಯೇ ಎಂದು ಮೊದಲು ನೋಡಿ. ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ನೊಳಗೆ ಮುಳುಗುವಷ್ಟು ತಗ್ಗಿದ್ದೂ ಆಕ್ಷನ್ ಎತ್ತರವಿದ್ದರೆ ತೊಂದರೆ ನೆಕ್‌ನ ಕೋನದಲ್ಲಿದೆ, ಅದು ದೊಡ್ಡ ರಿಪೇರಿ. ಇದನ್ನೆಲ್ಲ ಮೊದಲೇ ನೋಡಿಕೊಳ್ಳುವುದಕ್ಕೆ ಕಾರಣ ಇಷ್ಟೆ: ಆಕ್ಷನ್ ಅರ್ಧ ಗಂಟೆಯಲ್ಲಿ ಬದಲಾಗುವ ಸಂಗತಿ, ಅದರ ಮೇಲೆ ವಾದ್ಯದ ಗುಣವನ್ನು ತೀರ್ಮಾನಿಸಬಾರದು.

ಕೈಯ ಪರೀಕ್ಷೆ

ಮೊದಲು ಕೈಯ ಪರೀಕ್ಷೆ ಮುಗಿಸಿ, ಆಮೇಲೆ ಕಿವಿಗೆ ಹೋಗಿ. ವಾದ್ಯವನ್ನು ಮಡಿಲಲ್ಲಿಟ್ಟು, ತಂತಿ ಮೀಟದೆಯೇ, ಎಡಗೈಯನ್ನು ನೆಕ್‌ನ ಉದ್ದಕ್ಕೂ ನಾಲ್ಕಾರು ಸಲ ಜಾರಿಸಿ ನೋಡಿ. ಹೆಬ್ಬೆರಳು ಎಲ್ಲಿ ಕೂರುತ್ತದೆ, ಅಂಗೈಗೆ ನೆಕ್‌ನ ಬೆನ್ನು ತುಂಬಿಕೊಳ್ಳುತ್ತದೆಯೋ ಚೂಪಾಗಿ ಒತ್ತುತ್ತದೆಯೋ, ಮೆರುಗು ಅಂಟುತ್ತದೆಯೋ ಜಾರುತ್ತದೆಯೋ ಎಂಬುದೆಲ್ಲ ಸದ್ದಿಲ್ಲದೆಯೇ ತಿಳಿಯುತ್ತದೆ. ತೆಳುವಾದ ನೆಕ್ ಮೊದಲ ಹತ್ತು ನಿಮಿಷ ವೇಗವೆನಿಸಿ, ಗಂಟೆಯ ಬಳಿಕ ಹೆಬ್ಬೆರಳ ಬುಡದಲ್ಲಿ ನೋವು ತರಬಹುದು. ತುಸು ದಪ್ಪದ ನೆಕ್ ಬಗ್ಗೆ ಹಲವು ವಾದಕರು ತಡವಾಗಿ ಒಳ್ಳೆಯ ಮಾತು ಹೇಳುವುದು ಇದೇ ಕಾರಣಕ್ಕೆ.

ನಂತರ ನಟ್‌ನ, ಎಂದರೆ ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾದುಬರುವ ಪಟ್ಟಿಯ, ಅಗಲ. ಲೋಹದ ತಂತಿಯ ಗಿಟಾರ್‌ಗಳಲ್ಲಿ ಸುಮಾರು 43 ಮಿ.ಮೀ. ಮತ್ತು 44.5 ಮಿ.ಮೀ. ಎಂಬ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 52 ಮಿ.ಮೀ. ಇರುವುದು ರೂಢಿ. ಒಂದೂವರೆ ಮಿಲಿಮೀಟರಿನ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ, ಬೆರಳಿನಿಂದ ಬಿಡಿಸಿ ನುಡಿಸುವವರಿಗೆ ತಂತಿಗಳ ನಡುವಿನ ಜಾಗ ಸಾಕೋ ಸಾಲದೋ ಎಂಬುದನ್ನು ಅದೇ ನಿರ್ಧರಿಸುತ್ತದೆ. ಬ್ರಿಡ್ಜ್‌ನ ಬಳಿ ತಂತಿಗಳ ಹರವನ್ನೂ ನೋಡಲು ಮರೆಯಬೇಡಿ, ಬಲಗೈಯ ಬೆರಳುಗಳು ಕೆಲಸ ಮಾಡುವುದು ಆ ಕಡೆಯಲ್ಲಿ.

ತಂತಿಯ ಉದ್ದವೂ ಸ್ಪರ್ಶವನ್ನು ಬದಲಿಸುತ್ತದೆ. ನಟ್‌ನಿಂದ ಸ್ಯಾಡಲ್‌ವರೆಗೆ 645 ಮಿ.ಮೀ. ಇರುವ ಗಿಟಾರಿನ ತಂತಿಗಳನ್ನೇ 632 ಮಿ.ಮೀ. ಉದ್ದದ ಗಿಟಾರಿಗೆ ಹಾಕಿ ಅದೇ ಶ್ರುತಿಗೆ ತಂದರೆ ಎಳೆತ ನೂರಕ್ಕೆ ಸುಮಾರು 4ರಷ್ಟು ತಗ್ಗುತ್ತದೆ. ಬಾಗಿಸಿ ಸ್ವರ ಏರಿಸುವವರಿಗೆ, ಗಮಕದಂಥ ಓಲಾಟವನ್ನು ಬಯಸುವವರಿಗೆ ಈ ಸಡಿಲ ಹಿತ. ಶ್ರುತಿಯನ್ನು ಇನ್ನೂ ಕೆಳಗಿಳಿಸಿ ನುಡಿಸುವವರಿಗೆ ತಂತಿ ಜೋಲುತ್ತದೆ. ‘ಈ ಗಿಟಾರ್ ಬೆಣ್ಣೆಯಂತಿದೆ’ ಎಂಬ ಹೊಗಳಿಕೆಯನ್ನು ಓದಿದಾಗ ತಯಾರಕರ ಮಾಯಾಹಸ್ತವನ್ನು ಊಹಿಸುವ ಮೊದಲು ತಂತಿಯ ಉದ್ದ, ದಪ್ಪ, ಆಕ್ಷನ್ ಈ ಮೂರನ್ನು ವಿಚಾರಿಸಿ.

ಒಡಲಿನ ವಿಷಯದಲ್ಲಿ ಕೈಯಿಂದ ಕಟ್ಟುವವರು ವಾದಕರ ದೇಹಕ್ಕೆ ಹೆಚ್ಚು ಕಿವಿಗೊಟ್ಟಿದ್ದಾರೆ. ಕೆನಡಾದ ಲಿಂಡಾ ಮ್ಯಾಂಜರ್ 1980ರ ದಶಕದಲ್ಲಿ ಒಡಲನ್ನು ಬೆಣೆಯಾಕಾರಕ್ಕೆ ತಂದರು: ತೋಳು ಒರಗುವ ಮಂದ್ರ ತಂತಿಗಳ ಪಕ್ಕದಲ್ಲಿ ತೆಳು, ತೊಡೆಯ ಮೇಲೆ ಕೂರುವ ಪಕ್ಕದಲ್ಲಿ ದಪ್ಪ. ಅದೇ ದೇಶದ ವಿಲಿಯಂ ‘ಗ್ರಿಟ್’ ಲ್ಯಾಸ್ಕಿನ್ ಮುಂಗೈ ತಾಗುವ ಅಂಚನ್ನು ಇಳಿಜಾರಾಗಿ ಹೆರೆಯುವ ಪದ್ಧತಿ ತಂದರು. ಈ ಎರಡನ್ನೂ ಇಂದು ಅನೇಕ ತಯಾರಕರು ಅಳವಡಿಸುತ್ತಾರೆ. ಇವು ಅಲಂಕಾರವೋ ಅನುಕೂಲವೋ ಎಂದು ತಿಳಿಯಲು ಇಪ್ಪತ್ತು ನಿಮಿಷವಾದರೂ ಬಿಡದೆ ನುಡಿಸಬೇಕು; ಭುಜ ಎತ್ತರಿಸಿಕೊಂಡು ಕುಳಿತಿದ್ದೇನೆಯೇ, ಮುಂಗೈ ಜೋಮು ಹಿಡಿಯುತ್ತಿದೆಯೇ ಎಂದು ನಡುನಡುವೆ ಗಮನಿಸಬೇಕು. ಕೈಯ ಬಗ್ಗೆ ಬರೆದುಕೊಳ್ಳಬೇಕಾದ್ದನ್ನು ಇಲ್ಲಿಯೇ ಬರೆದು ಮುಗಿಸಿ.

ಕಿವಿಯ ಪರೀಕ್ಷೆ

ಈ ಭಾಗಕ್ಕೆ ನಿಧಾನ ಬೇಕು. ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು: ವಾದ್ಯ ಸಿಕ್ಕೊಡನೆ ಚೆನ್ನಾಗಿ ರೂಢಿಯಾದ ರಚನೆಯನ್ನು ನುಡಿಸಿಬಿಡುವುದು. ರೂಢಿಯ ರಚನೆಯಲ್ಲಿ ಬೆರಳುಗಳು ತಮಗೆ ಬೇಕಾದ ನಾದವನ್ನು ತಾವೇ ಹೊಂದಿಸಿಕೊಂಡು ತೆಗೆಯುತ್ತವೆ, ವಾದ್ಯದ ಕೊರತೆ ಮುಚ್ಚಿಹೋಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಶ್ರುತಿ ಮಾಡಿ, ಪ್ರತಿ ತೆರೆದ ತಂತಿಯನ್ನೂ ಒಂದೇ ಬಲದಲ್ಲಿ ಮೀಟಿ, ಸ್ವರ ಪೂರ್ತಿ ಅಡಗುವವರೆಗೆ ಕೇಳಿ. ಸ್ವರ ಹುಟ್ಟುವ ಕ್ಷಣ, ಅರಳುವ ಹೊತ್ತು, ಆರುವ ರೀತಿ ಎಂಬ ಮೂರು ಹಂತಗಳನ್ನು ಬೇರೆ ಬೇರೆಯಾಗಿ ಗಮನಿಸಿ. ಕೆಲವು ಗಿಟಾರ್‌ಗಳಲ್ಲಿ ಸ್ವರ ಮೀಟಿದ ಮೇಲೆ ಒಂದು ಕ್ಷಣ ತಡೆದು ಅರಳುತ್ತದೆ. ನಿಧಾನ ಗತಿಯ ವಾದನಕ್ಕೆ ಇದು ಸೊಗಸು, ವೇಗದ ಲಯಕ್ಕೆ ತೊಡಕು. ಬಳಿಕ ಪ್ರತಿ ತಂತಿಯ ಮೇಲೂ ಮೊದಲ ಫ್ರೆಟ್‌ನಿಂದ 14ನೆಯದರವರೆಗೆ ಒಂದೊಂದೇ ಸ್ವರ ನುಡಿಸುತ್ತ ಹೋಗಿ. ಬೇಸರದ ಕೆಲಸವೇ ಸರಿ, ಆದರೆ ಸತ್ತ ಸ್ವರಗಳು ಸಿಕ್ಕಿಬೀಳುವುದು ಹೀಗೆಯೇ. ಗಿಟಾರಿನ ಒಡಲಿನೊಳಗಿನ ಗಾಳಿ ಸಾಮಾನ್ಯವಾಗಿ 100 ಹರ್ಟ್ಸ್‌ನ ಆಸುಪಾಸಿನಲ್ಲಿ, ಮೇಲುಹಲಗೆ 200 ಹರ್ಟ್ಸ್‌ನ ಆಸುಪಾಸಿನಲ್ಲಿ ತಾನಾಗಿ ಕಂಪಿಸಬಯಸುತ್ತವೆ. ಆ ಆವರ್ತನದ ಮೇಲೆಯೇ ಬಂದು ಕುಳಿತ ಸ್ವರ ಒಮ್ಮೆಲೇ ಗಟ್ಟಿಯಾಗಿ ಉಬ್ಬಿ, ಬೇಗನೆ ಸಾಯುತ್ತದೆ. ಇದನ್ನು ‘ವುಲ್ಫ್ ನೋಟ್’ ಎನ್ನುತ್ತಾರೆ. ಆರನೆಯ (ಎಲ್ಲಕ್ಕಿಂತ ದಪ್ಪದ) ತಂತಿಯ ಮೂರು ಮತ್ತು ನಾಲ್ಕನೆಯ ಫ್ರೆಟ್‌ಗಳು ಕ್ರಮವಾಗಿ 98 ಮತ್ತು 104 ಹರ್ಟ್ಸ್ ಕೊಡುತ್ತವೆ, ಮೂರನೆಯ ತಂತಿ ತೆರೆದಾಗ 196 ಹರ್ಟ್ಸ್. ಈ ಜಾಗಗಳಲ್ಲಿ ಹೆಚ್ಚು ಎಚ್ಚರವಿರಲಿ. ಹಗುರವಾಗಿ ಕಟ್ಟಿದ, ತುಂಬಾ ಸ್ಪಂದಿಸುವ ವಾದ್ಯಗಳಲ್ಲಿ ಇದು ತುಸು ಇದ್ದೇ ಇರುತ್ತದೆ. ಒಳ್ಳೆಯ ತಯಾರಕರು ಆ ಆವರ್ತನ ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಬೀಳುವಂತೆ ನೋಡಿಕೊಳ್ಳುತ್ತಾರೆ. ನೀವು ಹೆಚ್ಚಾಗಿ ಬಳಸುವ ಸ್ವರದ ಮೇಲೆಯೇ ಅದು ಬಿದ್ದಿದ್ದರೆ ಉಳಿದ ಗುಣಗಳೆಷ್ಟೇ ಇದ್ದರೂ ನಾನಾದರೆ ಆ ವಾದ್ಯವನ್ನು ಬಿಡುತ್ತೇನೆ.

ಮುಂದಿನ ಹೆಜ್ಜೆ ಒಂದೇ ಸ್ವರವನ್ನು ಬೇರೆ ಬೇರೆ ಕಡೆ ನುಡಿಸುವುದು. ತೆರೆದ ಮೊದಲ ತಂತಿಯ ಸ್ವರವೇ ಎರಡನೆಯ ತಂತಿಯ 5ನೆಯ ಫ್ರೆಟ್‌ನಲ್ಲೂ ಮೂರನೆಯ ತಂತಿಯ 9ನೆಯ ಫ್ರೆಟ್‌ನಲ್ಲೂ ನಾಲ್ಕನೆಯ ತಂತಿಯ 14ನೆಯ ಫ್ರೆಟ್‌ನಲ್ಲೂ ಸಿಗುತ್ತದೆ. ಬಣ್ಣ ಬದಲಾಗುವುದು ಸಹಜ, ಬದಲಾಗಬೇಕು ಕೂಡ. ನಾಲ್ಕೂ ಕಡೆ ಸ್ವರಕ್ಕೆ ಮೈ ಇದೆಯೇ, ಅಥವಾ ಮೇಲಕ್ಕೆ ಹೋದಂತೆ ಬರೀ ‘ಟಕ್’ ಎಂಬ ಸದ್ದು ಉಳಿಯುತ್ತದೆಯೇ ಎಂಬುದು ಪ್ರಶ್ನೆ. ನೆಕ್‌ನ ಮೇಲ್ಭಾಗದಲ್ಲಿ ತೆಳು ತಂತಿಗಳ ಸ್ವರ ದುಂಡಗೆ ಹೊರಡುವುದು ಕೈಕೆಲಸದ ಉತ್ತಮ ಗಿಟಾರ್‌ಗಳಲ್ಲಿ ವಾದಕರು ಮೊದಲು ಮೆಚ್ಚುವ ಗುಣ, ಸಾಧಾರಣ ವಾದ್ಯಗಳು ಮೊದಲು ಸೋಲುವುದೂ ಅಲ್ಲಿಯೇ. ಇದೇ ಹೊತ್ತಿಗೆ ಪ್ರತಿ ತಂತಿಯ 12ನೆಯ ಫ್ರೆಟ್ ಒತ್ತಿ ತೆಗೆದ ಸ್ವರವನ್ನೂ ಅಲ್ಲಿಯೇ ಬೆರಳನ್ನು ಹಗುರವಾಗಿ ತಾಗಿಸಿ ತೆಗೆದ ಹಾರ್ಮೋನಿಕ್ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಎರಡೂ ಕೂಡದಿದ್ದರೆ ಸ್ಯಾಡಲ್‌ನ ಜಾಗ ಅಥವಾ ತಂತಿ ಸರಿಯಿಲ್ಲ.

ಬಲದ ಪರೀಕ್ಷೆಗೆ ಒಂದು ಸರಳ ಕಾರ್ಡನ್ನು ಹಿಡಿದು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಆರಂಭಿಸಿ, ಹತ್ತು ಹೊಡೆತಗಳಲ್ಲಿ ನಿಮ್ಮ ಪೂರ್ತಿ ಬಲಕ್ಕೆ ಬನ್ನಿ. ಮೆಲ್ಲಗೆ ನುಡಿಸಿದಾಗಲೂ ನಾದಕ್ಕೆ ಬಣ್ಣವಿದೆಯೇ, ಎಷ್ಟನೆಯ ಹೊಡೆತದಲ್ಲಿ ಅದು ಬೆಳೆಯುವುದನ್ನು ನಿಲ್ಲಿಸಿತು ಎಂಬುದನ್ನು ಎಣಿಸಿ ಬರೆದುಕೊಳ್ಳಿ. ಬಳಿಕ ಬ್ರಿಡ್ಜ್‌ನ ಹತ್ತಿರ, ನಾದರಂಧ್ರದ ಮೇಲೆ, ನೆಕ್‌ನ ಬುಡದಲ್ಲಿ, ಹೀಗೆ ಮೂರು ಕಡೆ ಮೀಟಿ ನೋಡಿ. ಮೂರೂ ಕಡೆ ಒಂದೇ ನಾದ ಬರುವ ಗಿಟಾರ್ ಮೊದಲಿಗೆ ಚೆಂದವೆನಿಸಿದರೂ ಕೆಲವು ತಿಂಗಳಲ್ಲಿ ವಾದಕರನ್ನು ಬೇಸರಪಡಿಸುತ್ತದೆ.

ಇಷ್ಟಾದರೂ ನೀವು ಕೇಳಿದ್ದು ಅರ್ಧ ಮಾತ್ರ. ಗಿಟಾರ್ ನಾದವನ್ನು ಮುಂದಕ್ಕೆ ಚೆಲ್ಲುತ್ತದೆ. ಮೇಲಿನ ಆವರ್ತನಗಳಿಗೆ ದಿಕ್ಕಿನ ಹಟ ಹೆಚ್ಚು, ಮಂದ್ರ ಸ್ವರಗಳು ಎಲ್ಲ ಕಡೆಗೂ ಹರಡುತ್ತವೆ. ಹಿಂದೆ ಕುಳಿತ ವಾದಕರಿಗೆ ಕೇಳುವುದಕ್ಕಿಂತ ಎದುರಿನ ಕೇಳುಗರಿಗೆ ಹೊಳಪು ಹೆಚ್ಚಾಗಿ ಕೇಳುತ್ತದೆ. ಗೋಡೆಗೆ ಎದುರಾಗಿ ಎರಡು ಮೂರು ಅಡಿ ದೂರ ಕುಳಿತು ನುಡಿಸಿದರೆ ಮುಂದಿನ ನಾದದ ಒಂದು ಅಂದಾಜು ಸಿಗುತ್ತದೆ. ಇನ್ನೊಬ್ಬರಿಂದ ನುಡಿಸಿ ನೀವು ಹತ್ತು ಅಡಿ ದೂರ ನಿಂತು ಕೇಳುವುದು ಇನ್ನೂ ಮೇಲು. ಪಕ್ಕದ ಹಲಗೆಯಲ್ಲಿ ಇನ್ನೊಂದು ರಂಧ್ರವಿರುವ ಗಿಟಾರ್‌ಗಳನ್ನು ವಾದಕರು ಬಹಳ ಹೊಗಳುತ್ತಾರೆ; ಅದು ಮುಖ್ಯವಾಗಿ ನುಡಿಸುವವರ ಕಿವಿಗೆ ಮಾಡಿದ ಉಪಕಾರ. ಆ ರಂಧ್ರವನ್ನು ಒಂದು ದಪ್ಪ ಕಾಗದದಿಂದ ಮುಚ್ಚಿಯೂ ಒಮ್ಮೆ ಕೇಳಿ.

ಎರಡು ವಾದ್ಯಗಳ ನಡುವೆ ಆಯ್ಕೆಯಿದ್ದರೆ ಕಣ್ಣು ಮುಚ್ಚಿ ಹೋಲಿಸುವುದು ಕಷ್ಟದ ಕೆಲಸವಲ್ಲ. ಗೆಳೆಯರೊಬ್ಬರು ನಾಣ್ಯ ಚಿಮ್ಮಿ ಬಂದ ಮುಖದಂತೆ ಒಂದೊಂದು ವಾದ್ಯವನ್ನು ಕೈಗೆ ಕೊಡಲಿ. ನೀವು ಎಂಟು ಹತ್ತು ಸುತ್ತು ನುಡಿಸಿ, ಪ್ರತಿ ಸಲ ಮೆಚ್ಚುಗೆಯನ್ನು ಹತ್ತಕ್ಕೆ ಇಷ್ಟು ಎಂದು ಹೇಳಿ, ಅವರು ಬರೆದುಕೊಳ್ಳಲಿ. ನೆಕ್‌ನ ಸ್ಪರ್ಶದಿಂದಲೇ ವಾದ್ಯ ಗುರುತು ಸಿಕ್ಕಿಬಿಡುವುದಾದರೆ ಅವರೇ ನುಡಿಸಲಿ, ನೀವು ಬೆನ್ನು ತಿರುಗಿಸಿ ಕೇಳಿ. ಒಂದೇ ವಾದ್ಯಕ್ಕೆ ನೀವು ಒಮ್ಮೆ ಎಂಟು, ಒಮ್ಮೆ ನಾಲ್ಕು ಕೊಟ್ಟದ್ದು ಕಂಡರೆ ನಾಚಿಕೊಳ್ಳಬೇಕಾಗಿಲ್ಲ. ಆ ಎರಡು ವಾದ್ಯಗಳ ನಾದದ ಅಂತರ ನಿಮ್ಮ ಪಾಲಿಗೆ ಚಿಕ್ಕದೆಂದು ಗೊತ್ತಾಯಿತು, ಕೈಗೆ ಒಗ್ಗಿದ್ದನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು. ಗಟ್ಟಿಯಾಗಿ ಕೇಳುವ ವಾದ್ಯ ಮೊದಲ ಹೋಲಿಕೆಯಲ್ಲಿ ಬಹುಪಾಲು ಗೆಲ್ಲುತ್ತದೆ ಎಂಬುದು ಮಾತ್ರ ನೆನಪಿರಲಿ. ಮೊಬೈಲಿನ ಧ್ವನಿಮುದ್ರಣವನ್ನು ನಾನು ಇದಕ್ಕೆ ನಂಬುವುದಿಲ್ಲ, ಏಕೆಂದರೆ ಅದು ಮೆಲ್ಲಗಿನದನ್ನು ಏರಿಸಿ, ಗಟ್ಟಿಯಾದದ್ದನ್ನು ಇಳಿಸಿ ಎರಡು ವಾದ್ಯಗಳನ್ನು ಒಂದೇ ಮಟ್ಟಕ್ಕೆ ತಂದಿಡುತ್ತದೆ.

ತಯಾರಕರಿಗೆ ಹೇಳುವುದು, ಇತರರಿಗೆ ಬರೆಯುವುದು

ಹೊಸದಾಗಿ ಕಟ್ಟಿಸುವುದಾದರೆ ನುಡಿಸಿ ನೋಡಲು ವಾದ್ಯವೇ ಇರುವುದಿಲ್ಲ, ಮಾತೇ ಗತಿ. ‘ಬೆಚ್ಚಗಿರಲಿ, ಆದರೆ ಸ್ಪಷ್ಟವೂ ಇರಲಿ’ ಎಂದು ಹೇಳಿದರೆ ತಯಾರಕರು ತಲೆಯಾಡಿಸುತ್ತಾರೆ, ಅವರ ಮನಸ್ಸಿನ ಬೆಚ್ಚಗೆ ನಿಮ್ಮದಾಗಿರುವುದಿಲ್ಲ. ನೀವು ಈಗ ನುಡಿಸುವ ಗಿಟಾರನ್ನೇ ಅವರ ಮುಂದೆ ಇಟ್ಟು, ಇದರ ಮಂದ್ರ ಹೀಗೆಯೇ ಇರಲಿ, ಆದರೆ ಎರಡನೆಯ ತಂತಿಯ ಮೇಲೆ 7ನೆಯ ಫ್ರೆಟ್ ದಾಟಿದರೆ ಸ್ವರ ಬಡವಾಗುತ್ತದೆ, ಅದು ಬೇಡ ಎಂದು ನುಡಿಸಿ ತೋರಿಸಿ. ನೀವು ನುಡಿಸುವಾಗ ಅವರು ನಿಮ್ಮ ಕೈಯನ್ನು ನೋಡುವುದು ನೂರು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ. ದೂರದಲ್ಲಿದ್ದರೆ ನೆಕ್‌ನ ದಪ್ಪವನ್ನು ಮೊದಲ ಮತ್ತು 9ನೆಯ ಫ್ರೆಟ್‌ನಲ್ಲಿ ಅಳೆದು, ತಂತಿಯ ದಪ್ಪ, ಶ್ರುತಿ, ಉಗುರೋ ಪಿಕ್ಕೋ ಎಂಬುದರೊಂದಿಗೆ ಬರೆದು ಕಳುಹಿಸಿ. ಅವರು ಈ ಹಿಂದೆ ಕಟ್ಟಿದ ವಾದ್ಯವೊಂದನ್ನು ಎರಡು ಮೂರು ವರ್ಷ ನುಡಿಸಿದವರ ಮಾತನ್ನೂ ಕೇಳಿ. ಪ್ರತಿ ವಾದ್ಯ ಬೇರೆಯಾದರೂ ಒಬ್ಬ ತಯಾರಕರ ಕೈಗೆ ಒಂದು ಛಾಪು ಇರುತ್ತದೆ. ಆ ಛಾಪೇ ನಿಮಗೆ ಹಿಡಿಸದಿದ್ದರೆ ಅದನ್ನು ಬದಲಿಸಲು ಕೇಳುವುದಕ್ಕಿಂತ ಬೇರೆ ತಯಾರಕರನ್ನು ಹುಡುಕುವುದು ಇಬ್ಬರಿಗೂ ಒಳ್ಳೆಯದು.

ವಾದ್ಯ ಮನೆಗೆ ಬಂದ ಮೇಲೆ ನಾದ ಬದಲಾಗುತ್ತಿದೆ, ‘ತೆರೆದುಕೊಳ್ಳುತ್ತಿದೆ’ ಎಂದು ಹೆಚ್ಚಿನ ವಾದಕರು ಹೇಳುತ್ತಾರೆ. ಹೊಸ ಗಿಟಾರಿನ ಮೇಲುಹಲಗೆ ಮೊದಲ ಬಾರಿಗೆ 70 ಕಿಲೋಗ್ರಾಂಗೂ ಹೆಚ್ಚಿನ ಎಳೆತವನ್ನು ಹೊತ್ತು ನಿಂತಿರುತ್ತದೆ, ಅಂಟು ಮತ್ತು ಮೆರುಗು ಇನ್ನೂ ಒಣಗುತ್ತಿರುತ್ತವೆ. ವಾದಕರ ಬೆರಳುಗಳೂ ಆ ಹೊತ್ತಿಗೆ ಹೊಸ ವಾದ್ಯಕ್ಕೆ ಹೊಂದಿಕೊಳ್ಳುತ್ತಿರುತ್ತವೆ. ಬದಲಾದದ್ದು ಇವುಗಳಲ್ಲಿ ಯಾವುದೆಂದು ನೆನಪಿನಿಂದ ಹೇಳಲಾಗುವುದಿಲ್ಲ. ಮುಂದೆ ತೆರೆದುಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಇಂದು ಹಿಡಿಸದ ವಾದ್ಯವನ್ನು ಕೊಳ್ಳಬೇಡಿ.

ನಿಮ್ಮ ಅಭಿಪ್ರಾಯವನ್ನು ಇತರರಿಗಾಗಿ ಬರೆಯುವಾಗ ನೀವು ಓದುವಾಗ ಹುಡುಕಿದ್ದನ್ನೆಲ್ಲ ಅದರಲ್ಲಿ ಇಡಿ: ತಂತಿಯ ಹೆಸರು ಮತ್ತು ವಯಸ್ಸು, ಶ್ರುತಿ, ಆಕ್ಷನ್, ಕೋಣೆಯ ಆರ್ದ್ರತೆ, ಹೋಲಿಕೆಗೆ ಇಟ್ಟುಕೊಂಡ ವಾದ್ಯ, ನುಡಿಸುವ ಬಗೆ. ಕೈಯ ಮಾತನ್ನು ಒಂದು ಪ್ಯಾರಾದಲ್ಲಿ, ಕಿವಿಯ ಮಾತನ್ನು ಇನ್ನೊಂದರಲ್ಲಿ ಬರೆಯಿರಿ. ಮೊದಲ ವಾರ ಬರೆದದ್ದನ್ನು ಅಳಿಸದೆ, ಒಂದು ಬೇಸಗೆ ಮತ್ತು ಒಂದು ಮಳೆಗಾಲ ಕಳೆದ ಮೇಲೆ ಅದರ ಕೆಳಗೆ ದಿನಾಂಕ ಹಾಕಿ ಮತ್ತೆ ನಾಲ್ಕು ಸಾಲು ಸೇರಿಸಿ.